ಗೋದಾಮಿನಲ್ಲಿ ಸಿಕ್ಕ ಸ್ಪೇಸ್ ಇನ್ವೇಡರ್ಸ್ ಯಂತ್ರಕ್ಕೆ ಕರೆಂಟು ಕೊಡಬಹುದೇ?

ಪ್ರಶ್ನೆ (ವಿರಾಜಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿಗೆ ಮುನ್ನ ತೋಟದ ಗೋದಾಮನ್ನು ತೆರವು ಮಾಡುವಾಗ ಗೋಣಿಚೀಲಗಳ ಹಿಂದೆ, ನಾಣ್ಯ ಹಾಕಿ ಆಡುವ ಆಳೆತ್ತರದ ಸ್ಪೇಸ್ ಇನ್ವೇಡರ್ಸ್ ವಿಡಿಯೊ ಗೇಮ್ ಯಂತ್ರವೊಂದು ಸಿಕ್ಕಿತು. ಅಮೆರಿಕದ ಮಿಡ್‌ವೇ ಕಂಪನಿ ತಯಾರಿಸಿದ ಇದನ್ನು ನನ್ನ ದೊಡ್ಡಪ್ಪ ಅಲ್ಲಿಂದ ಮರಳುವಾಗ ತಂದಿದ್ದರು. ಸ್ಟೂಲಿನ ಮೇಲೆ ನಿಂತು ಆಡಿದ್ದು ನನಗೆ ಮಸುಕಾಗಿ ನೆನಪಿದೆ. ಹಲಗೆಯ ಬುಡ ತೇವಕ್ಕೆ ಉಬ್ಬಿದೆ, ಒಳಗೆ ಇಲಿ ಗೂಡು ಕಟ್ಟಿತ್ತು. ಆದರೆ ಚಂದ್ರನ ನೆಲದ ಚಿತ್ರವೂ ಅದರ ಮುಂದಿನ ಅರೆಗನ್ನಡಿಯೂ (ಪ್ರತಿಬಿಂಬದ ಜೊತೆಗೆ ಹಿಂದಿನದನ್ನೂ ಕಾಣಿಸುವ ಗಾಜು) ಒಡೆಯದೆ ಉಳಿದಿವೆ. ಒಳಗಿನದನ್ನೆಲ್ಲ ತೆಗೆದು ಕಂಪ್ಯೂಟರ್ ಮತ್ತು ಎಲ್‌ಸಿಡಿ ಪರದೆ ಕೂರಿಸಿಕೊಡುವುದಾಗಿ ರಿಪೇರಿಯವರೊಬ್ಬರು ಹೇಳುತ್ತಿದ್ದಾರೆ. ಅದಕ್ಕೆ ಮೊದಲು ಒಮ್ಮೆ ಸ್ವಿಚ್ ಹಾಕಿ ನೋಡಬಹುದೇ?

ಉತ್ತರ (ಮಡಿಕೇರಿಯಿಂದ)

ದಯವಿಟ್ಟು ಈಗಲೇ ಪ್ಲಗ್ ಹಾಕಬೇಡಿ. ಅದು ಅಮೆರಿಕದ 120 ವೋಲ್ಟಿಗೆ ಮಾಡಿದ ಯಂತ್ರ. ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ, ಆದ್ದರಿಂದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದರ ಮೂಲಕ ಕರೆಂಟು ಕೊಡುವಾಗಲೂ ಮುಖ್ಯ ಬೋರ್ಡಿನ ಕನೆಕ್ಟರ್ ಕಳಚಿಟ್ಟು, ಪವರ್ ಸಪ್ಲೈಯನ್ನು ಮಾತ್ರ ಮೀಟರಿನಿಂದ ಅಳೆಯಿರಿ. ಇಂಟೆಲ್ 8080 ಪ್ರೊಸೆಸರಿಗೆ +5, +12 ಮತ್ತು −5 ಎಂಬ ಮೂರು ವೋಲ್ಟೇಜುಗಳು ಬೇಕು. −5 ಇಲ್ಲದೆ +12 ಮಾತ್ರ ಹೋದರೆ ಚಿಪ್ ಹಾಳಾಗುವ ಅಪಾಯವಿದೆ. ಇಷ್ಟು ಮಳೆಗಾಲಗಳನ್ನು ಕಂಡ ಕೆಪಾಸಿಟರುಗಳನ್ನು ಬದಲಾಯಿಸುವುದೇ ಲೇಸು. ಪಿಕ್ಚರ್ ಟ್ಯೂಬಿನಲ್ಲಿ ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ಉಳಿದಿರಬಹುದಾದ್ದರಿಂದ, ಹಳೆಯ ಬ್ಲ್ಯಾಕ್ ಅಂಡ್ ವೈಟ್ ಟಿ.ವಿ.ಗಳಲ್ಲಿ ಕೈ ಪಳಗಿದವರ ಹೊರತು ಬೇರೆಯವರು ಅದನ್ನು ಮುಟ್ಟುವುದು ಬೇಡ.

ಉತ್ತರ (ಸೋಮವಾರಪೇಟೆಯಿಂದ)

ಒಳಗಿನದನ್ನು ಕಿತ್ತು ಹಾಕಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. 1978ರಲ್ಲಿ ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರೂಪಿಸಿದ ಈ ಆಟದಲ್ಲಿ, ಶತ್ರುಗಳು ಕಡಿಮೆಯಾದಂತೆ ಉಳಿದವರು ವೇಗ ಪಡೆಯುವುದು, ಬಿಡಿಸಬೇಕಾದ ಚಿತ್ರಗಳು ಕಡಿಮೆಯಾಗಿ ಪ್ರೊಸೆಸರಿನ ಹೊರೆ ಇಳಿಯುವುದರಿಂದ. ಆಟದ ಉಸಿರೇ ಆ ಬೋರ್ಡಿನಲ್ಲಿದೆ. ಇಡೀ ಪ್ರೋಗ್ರಾಮ್ ಕೇವಲ 8 ಕಿಲೋಬೈಟ್. ಆ ಪ್ರೋಗ್ರಾಮ್ ಇರುವ ರೋಮ್ (ROM) ಚಿಪ್ಪುಗಳನ್ನು ಓದಿಸಿ, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಮೇಮ್ (MAME) ತಂತ್ರಾಂಶದ ಪ್ರತಿಯೊಂದಿಗೆ ಹೋಲಿಸಿದರೆ ಯಾವುದು ಕೆಟ್ಟಿದೆ ಎಂದು ತಿಳಿಯುತ್ತದೆ.

ಉತ್ತರ (ಕುಶಾಲನಗರದಿಂದ)

ಮರಗೆಲಸದ ಬಗ್ಗೆ ಮಾತ್ರ ಹೇಳಬಲ್ಲೆ. ಬೇಗ ಒಣಗಲೆಂದು ಕಾಫಿ ಕಣದ ಬಿಸಿಲಿನಲ್ಲಿ ಇಡಬೇಡಿ, ಬಣ್ಣ ಎದ್ದುಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ ನಿಧಾನವಾಗಿ ಒಣಗಲಿ. ಉಬ್ಬಿದ ಬುಡವನ್ನಷ್ಟೇ ಕತ್ತರಿಸಿ ಮರೈನ್ ಪ್ಲೈವುಡ್ ಕೂಡಿಸಿ, ಚಿತ್ರವಿರುವ ಪಕ್ಕಗಳನ್ನು ಹಾಗೆಯೇ ಬಿಡಿ.

ವಿರಾಜಪೇಟೆಯಿಂದ, ಐದು ವಾರಗಳ ನಂತರ

ತಾವೆಲ್ಲ ತಡೆದದ್ದೇ ಒಳ್ಳೆಯದಾಯಿತು. ಅಳೆದಾಗ −5 ವೋಲ್ಟ್ ಬರುತ್ತಲೇ ಇರಲಿಲ್ಲ. ಇಲಿಯ ಮೂತ್ರಕ್ಕೆ ಒಂದು ತಂತಿಯ ಬೆಸುಗೆ ಹಸಿರುಗಟ್ಟಿ ಬಿಟ್ಟುಕೊಂಡಿತ್ತು. ಅದನ್ನು ಸರಿಪಡಿಸಿ, ಕೆಪಾಸಿಟರುಗಳನ್ನೂ ಒಂದು ಮೆಮೊರಿ ಚಿಪ್ಪನ್ನೂ ಬದಲಾಯಿಸಿದ ಮೇಲೆ ನಿನ್ನೆ ಸಂಜೆ ಚಿತ್ರ ಮೂಡಿತು. ಕೆಳಗೆ ಮಲಗಿಸಿಟ್ಟ ಟ್ಯೂಬಿನಲ್ಲಿ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಂಡು ಗಾಬರಿಯಾದೆ. ಎದ್ದು ನಿಂತು ಅರೆಗನ್ನಡಿಯೊಳಗೆ ನೋಡಿದರೆ ಅವು ಚಂದ್ರನ ಮುಂದೆ ನೇರವಾಗಿ ತೇಲುತ್ತಿದ್ದವು. ದೊಡ್ಡಪ್ಪನನ್ನು ಕುರ್ಚಿ ಹಾಕಿ ಮುಂದೆ ಕೂರಿಸಿದ್ದೇನೆ. ಬುಡದ ಪ್ಲೈವುಡ್ ಕೆಲಸ ಮುಂದಿನ ವಾರಕ್ಕಿದೆ.