ರಿಕ್ರಿಯೇಷನಲ್ ಥೆರಪಿ: ಓದು ಮತ್ತು ವೃತ್ತಿಯ ಕುರಿತು ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿರುವ ನಾನು ಅಮೆರಿಕದಲ್ಲಿ ರಿಕ್ರಿಯೇಷನಲ್ ಥೆರಪಿ, ಅಂದರೆ ಆಟ, ಹವ್ಯಾಸಗಳ ಮೂಲಕ ನೀಡುವ ಚಿಕಿತ್ಸೆಯನ್ನು ಓದಬೇಕೆಂದಿದ್ದೇನೆ. ರೋಗಿಗಳನ್ನು ಆಟವಾಡಿಸುವುದಕ್ಕೆ ಓದೇಕೆ ಬೇಕೆಂದು ಮನೆಯವರು ಕೇಳುತ್ತಾರೆ. ತರಬೇತಿ ಹೇಗಿರುತ್ತದೆ, ಕೆಲಸದಲ್ಲಿ ನಿಜವಾಗಿ ಏನು ಮಾಡಬೇಕಾಗುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಮನೆಯವರ ಪ್ರಶ್ನೆ ಸಹಜವಾದುದೇ, ಅದಕ್ಕೆ ಉತ್ತರವಾಗಿ ಒಂದು ಪ್ರಸಂಗ ಹೇಳುತ್ತೇನೆ. ಪಾರ್ಶ್ವವಾಯುವಿನಿಂದ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದ್ದ ಹಿರಿಯರೊಬ್ಬರಿಗೆ, ಕಣ್ಣು ಚೆನ್ನಾಗಿದ್ದರೂ, ಎಡಬದಿಯಲ್ಲಿರುವುದು ಗಮನಕ್ಕೇ ಬರುತ್ತಿರಲಿಲ್ಲ; ತಟ್ಟೆಯ ಎಡಭಾಗದ ಊಟ ಮುಟ್ಟದೆ ಉಳಿಯುತ್ತಿತ್ತು. ಇಸ್ಪೀಟೆಂದರೆ ಅವರಿಗೆ ಪ್ರಾಣವೆಂದು ಮೊದಲ ಮಾತುಕತೆಯಲ್ಲೇ ತಿಳಿದಿತ್ತು. ಎಡಗೈ ಸ್ವಾಧೀನದಲ್ಲಿಲ್ಲದ ಕಾರಣ ಎಲೆಗಳನ್ನು ಉದ್ದಕ್ಕೆ ತೋಡು ಕೊರೆದ ಮರದ ಪಟ್ಟಿಯಲ್ಲಿ ನಿಲ್ಲಿಸಿ, ಅದರ ಎಡತುದಿಗೆ ಕೆಂಪು ಟೇಪು ಅಂಟಿಸಿ, ಕೆಂಪು ಕಾಣುವವರೆಗೆ ನೋಡಿದ ಮೇಲೆಯೇ ಎಲೆ ಇಳಿಸಬೇಕೆಂದು ಅಭ್ಯಾಸ ಮಾಡಿಸಿದೆ. ಎದುರು ಕುಳಿತು ಆಡುತ್ತಲೇ, ಯಾರೂ ಹೇಳದೆ ಅವರು ಎಷ್ಟು ಸಲ ಎಡಕ್ಕೆ ತಿರುಗಿದರೆಂದು ಬರೆದುಕೊಳ್ಳುತ್ತಿದ್ದೆ. ಆಟ ಯಾರು ಬೇಕಾದರೂ ಆಡಿಸಬಹುದು. ಯಾವ ಕೊರತೆಗೆ ಯಾವ ಆಟ, ಅದನ್ನು ಹೇಗೆ ಮಾರ್ಪಡಿಸಬೇಕು, ಗುಣ ಕಂಡಿತೋ ಇಲ್ಲವೋ ಎಂದು ನಿರ್ಧರಿಸಲು ಓದು ಬೇಕು.

ಅಮೆರಿಕದಲ್ಲಿ ಈ ಚಿಕಿತ್ಸಕರಿಗೆ ಸಿಟಿಆರ್‌ಎಸ್ (ಸರ್ಟಿಫೈಡ್ ಥೆರಪ್ಯೂಟಿಕ್ ರಿಕ್ರಿಯೇಷನ್ ಸ್ಪೆಷಲಿಸ್ಟ್) ಎಂಬ ಪ್ರಮಾಣಪತ್ರವನ್ನು 1981ರಲ್ಲಿ ಸ್ಥಾಪನೆಯಾದ ಎನ್‌ಸಿಟಿಆರ್‌ಸಿ ಎಂಬ ರಾಷ್ಟ್ರೀಯ ಪ್ರಮಾಣೀಕರಣ ಮಂಡಳಿ ನೀಡುತ್ತದೆ. ಪದವಿಯ ದಾರಿಯಲ್ಲಿ ಬರುವವರು ಪ್ರಮಾಣಿತ ಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ಕನಿಷ್ಠ 14 ವಾರ, 560 ಗಂಟೆಗಳ ಇಂಟರ್ನ್‌ಶಿಪ್ ಮುಗಿಸಿ ಪರೀಕ್ಷೆ ಬರೆಯಬೇಕು. ನೀವು ಓದಿರುವ ಮನಶ್ಶಾಸ್ತ್ರ ವ್ಯರ್ಥವಾಗದು. ಆದರೆ ಅಂಗರಚನೆ, ಶರೀರಕ್ರಿಯಾ ವಿಜ್ಞಾನ ಹಾಗೂ ಈ ಚಿಕಿತ್ಸೆಗೇ ಸಂಬಂಧಿಸಿದ ವಿಷಯಗಳನ್ನು ಓದದೆ ಮುಂದುವರಿಯಲಾಗದು. ಯೂಟಾ, ನಾರ್ತ್ ಕ್ಯಾರೊಲಿನಾದಂತಹ ಕೆಲವು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿಯೂ ಬೇಕು. ಇಂಟರ್ನ್‌ಶಿಪ್‌ಗೆ ಸ್ಥಳ ಆರಿಸುವಾಗ, ಅಲ್ಲಿ ರೋಗಿಯ ಪರಿಶೀಲನೆಯನ್ನೂ ದಾಖಲೆ ಬರೆಯುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸುತ್ತಾರೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ಬರೀ ಹಬ್ಬದ ಅಲಂಕಾರ, ಸಂಗೀತ ಕಾರ್ಯಕ್ರಮಗಳಲ್ಲೇ ವಾರಗಳು ಕಳೆದರೆ ನೀವು ಕಲಿಯಬೇಕಾದುದು ಕಲಿತಂತಾಗುವುದಿಲ್ಲ.

ಪ್ರಶ್ನೆ: ಧನ್ಯವಾದಗಳು ಮೇಡಂ. ರೋಗಿಗೆ ಯಾವುದರಲ್ಲಿಯೂ ಆಸಕ್ತಿಯೇ ಇಲ್ಲದಿದ್ದರೆ ಏನು ಮಾಡುತ್ತೀರಿ?

ಉತ್ತರ: ಖಿನ್ನತೆಯಲ್ಲಿರುವವರಲ್ಲಿ ಇದು ಬಹಳ ಸಾಮಾನ್ಯ, ಆಸಕ್ತಿ ಬತ್ತುವುದು ಆ ರೋಗದ ಲಕ್ಷಣವೇ ಹೊರತು ಹಟವಲ್ಲ. "ಏನು ಮಾಡೋಣ?" ಎಂದು ಕೇಳಿದರೆ "ಏನೂ ಬೇಡ" ಎಂಬ ಉತ್ತರವೇ ಬರುತ್ತದೆ. ಆದ್ದರಿಂದ ನಾನು ಎರಡು ಸಣ್ಣ ಕೆಲಸಗಳನ್ನು ಮುಂದಿಟ್ಟು, ಗಿಡಕ್ಕೆ ನೀರು ಹಾಕೋಣವೇ, ಐದು ನಿಮಿಷ ಹೊರಗೆ ಕೂರೋಣವೇ ಎಂದು ಕೇಳುತ್ತೇನೆ. ಅವರು ಎರಡನ್ನೂ ಒಲ್ಲೆನೆಂದರೆ ಒತ್ತಾಯಿಸುವುದಿಲ್ಲ. ಮರುದಿನ ಅದೇ ಹೊತ್ತಿಗೆ ಮತ್ತೆ ಹೋಗುತ್ತೇನೆ.