ಅಪ್‌ಡೇಟ್: ಸೆಕೆಂಡ್ ಹ್ಯಾಂಡ್ ಹೈರೈಡರ್ ತಗೊಂಡೆ, ಡೀಲರ್ ವಾರಂಟಿ ಬಿಟ್ಟೆ

ಹೋದ ಸಲ ಕೇಳಿದ್ದೆ: ಬೆಂಗಳೂರಲ್ಲಿ 2022ರ ಟೊಯೋಟಾ ಹೈರೈಡರ್ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ-ಮೋಟಾರಿನಲ್ಲೂ ಓಡುವ ಕಾರು) ನೋಡಿದ್ದೇನೆ, "8 ವರ್ಷ ಕಂಪನಿ ವಾರಂಟಿ ಇದೆ ಸಾರ್" ಎನ್ನುತ್ತಾರೆ ಡೀಲರ್, ಅದರ ಮೇಲೆ ತಮ್ಮದೊಂದು ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಮಾರುತ್ತಿದ್ದಾರೆ, ತಗೊಳ್ಳಬಹುದಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಕಾರು ತಗೊಂಡೆ. ಅವರ ವಾರಂಟಿ ಬೇಡ ಎಂದೆ.

8 ವರ್ಷ ಅಥವಾ 1,60,000 ಕಿ.ಮೀ. ಅನ್ನೋದು ಹೈಬ್ರಿಡ್ ಬ್ಯಾಟರಿಗೆ ಮಾತ್ರ, ಇಡೀ ಕಾರಿಗಲ್ಲ. ಉಳಿದದ್ದಕ್ಕೆ ಇದ್ದದ್ದು 3 ವರ್ಷ ಅಥವಾ 1 ಲಕ್ಷ ಕಿ.ಮೀ., ಈ ಕಾರಿಗೆ ಅದು ಮುಗಿದಿದೆ. ಎರಡನ್ನೂ ಕಲಸಿ ಹೇಳಿದ್ದು ನನಗೆ ಸ್ವಲ್ಪವೂ ಸರಿ ಅನ್ನಿಸಲಿಲ್ಲ. ಡೀಲರ್ ಮಾರುತ್ತಿದ್ದ ವಾರಂಟಿಯ ಬ್ರೋಶರ್ ಬೇಡ, ಷರತ್ತುಗಳ ಪೂರ್ತಿ ಕಾಗದ ಕೊಡಿ ಎಂದು ಹಠ ಹಿಡಿದೆ, ಕೊನೆಗೆ ಕೊಟ್ಟರು. ಅದರಲ್ಲಿ ಹೈಬ್ರಿಡ್ ಬ್ಯಾಟರಿಯೂ ಇಲ್ಲ, ಇನ್ವರ್ಟರೂ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಒಗ್ಗಿಸಿ ಕೊಡುವ ಭಾಗ) ಇಲ್ಲ! ವಾರಂಟಿ ಕೊಡುವವರು ಟೊಯೋಟಾ ಅಲ್ಲ, ಬೇರೆ ಯಾವುದೋ ಕಂಪನಿ, ಪ್ರತಿ ಕ್ಲೇಮಿಗೂ ಇಷ್ಟೇ ಅಂತ ಮಿತಿ ಬೇರೆ. ಹೈಬ್ರಿಡ್‌ನಲ್ಲಿ ಜಾಸ್ತಿ ಖರ್ಚು ಬರೋದೇ ಇವುಗಳಿಗೆ ಅಲ್ವಾ, ಅವನ್ನೇ ಬಿಟ್ಟ ಮೇಲೆ ಸುಮ್ನೆ ಯಾಕೆ ದುಡ್ಡು ಕೊಡಬೇಕು?

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಚಾಸಿ ನಂಬರ್ ಹಿಡಿದು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋದೆ. ಸರ್ವಿಸ್ ದಾಖಲೆಗೂ ಮೀಟರಿಗೂ ತಾಳೆಯಾಯಿತು. ಬ್ಯಾಟರಿ ವಾರಂಟಿ ಇನ್ನೂ ಚಾಲ್ತಿಯಲ್ಲಿದೆ ಎಂದು ಅಲ್ಲೇ ಖಚಿತವಾಯಿತು. ನನಗೆ ಧೈರ್ಯ ಬಂದದ್ದು ಇದರಿಂದಲೇ.

ಮೈಲೇಜ್ ಕೇಳಿದವರಿಗೆ: ಡೀಲರ್ ಹೇಳುವ 28 ಅನ್ನೋದು ಎಆರ್‌ಎಐ (ವಾಹನಗಳನ್ನು ಪರೀಕ್ಷಿಸುವ ಸಂಸ್ಥೆ) ಪರೀಕ್ಷೆಯಲ್ಲಿ ಬಂದ ಲೀಟರಿಗೆ 27.97 ಕಿ.ಮೀ. ಸಿಟಿ ಟ್ರಾಫಿಕ್‌ನಲ್ಲಿ ನನಗೆ 22ರ ಆಸುಪಾಸು ಬರುತ್ತಿದೆ, ಖುಷಿಯಾಗಿದ್ದೇನೆ.