ಉಪ್ಪಿನ ಬಯಲಿನ ಓಟ: ಆರ್‌ಪಿಎಂ ಲೆಕ್ಕದಲ್ಲಿ 170, ಚೀಟಿಯಲ್ಲಿ 151. ನಡುವಿನ 19 ಕಿಲೋಮೀಟರ್ ಎಲ್ಲಿ ಹೋಯಿತು?

ಬೈಕಂಪಾಡಿ ಲೇತ್:

ಎಲ್ಲರಿಗೂ ನಮಸ್ಕಾರ. ನಾನು ಬೈಕಂಪಾಡಿಯಲ್ಲಿ ಸಣ್ಣ ಲೇತ್ ಅಂಗಡಿ ಇಟ್ಟುಕೊಂಡಿದ್ದೇನೆ. ಅಕ್ಕನ ಮಗ ಅಡಿಲೇಡಿನಲ್ಲಿದ್ದಾನೆ. ಒಂಟಿ ಸಿಲಿಂಡರಿನ 250 ಸಿಸಿ ಗಾಡಿಯೊಂದನ್ನು ನಾವಿಬ್ಬರೂ ಸೇರಿ ಮೂರು ವರ್ಷದಿಂದ ಉಪ್ಪಿನ ಬಯಲಿನ ಓಟಕ್ಕೆಂದೇ (ಒಣಗಿದ ಉಪ್ಪುಸರೋವರದ ಮೇಲೆ ನೇರ ಓಡಿಸಿ ವೇಗ ಅಳೆಯುವ ಓಟ) ಸಿದ್ಧಪಡಿಸಿದ್ದೇವೆ. ಎಂಜಿನ್ ಕೆಲಸ ಅವನದು. ಸ್ಪ್ರಾಕೆಟ್, ಬುಷ್, ಬ್ರಾಕೆಟ್ ಎಲ್ಲ ನಾನು ಇಲ್ಲಿ ಕಡೆದು ಕಳಿಸುತ್ತೇನೆ. ಅದೇ ಮಾದರಿಯ ಇನ್ನೊಂದು ಗಾಡಿ ನನ್ನ ಅಂಗಳದಲ್ಲಿದೆ. ಪ್ರತಿಯೊಂದು ಭಾಗವನ್ನೂ ಅದರ ಮೇಲೆ ಕೂರಿಸಿ ನೋಡಿಯೇ ಪಾರ್ಸೆಲ್ ಮಾಡುತ್ತೇನೆ.

ಕಳೆದ ಮಾರ್ಚ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯದ ಗೇರ್ಡ್ನರ್ ಸರೋವರದ ಉಪ್ಪಿನ ಮೇಲೆ ಅವನು ಮೊದಲ ಸಲ ಓಡಿದ. ನನ್ನ ಲೆಕ್ಕ ಹೀಗಿತ್ತು. ಕ್ರ್ಯಾಂಕಿನಿಂದ ಕ್ಲಚ್‌ಗೆ 2.80, ಆರನೆಯ ಗೇರ್ 0.90, ಮುಂದೆ 15 ಹಲ್ಲು ಹಿಂದೆ 36 ಹಲ್ಲು, ಅಂದರೆ 2.40. ಇವನ್ನು ಗುಣಿಸಿದರೆ ಒಟ್ಟು 6.048, ಅಂದರೆ ಹಿಂದಿನ ಚಕ್ರ ಒಮ್ಮೆ ತಿರುಗಲು ಎಂಜಿನ್ ಅಷ್ಟು ಸುತ್ತು ತಿರುಗಬೇಕು. ಹಿಂದಿನ ಟೈರ್ 110/80-17, ಸುತ್ತಳತೆ 1.909 ಮೀಟರ್. ಮೀಟರಿನಲ್ಲಿ 9,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) ಕಂಡೆ ಎಂದು ಅವನು ಹೇಳಿದ. ಆ ಲೆಕ್ಕಕ್ಕೆ ಗಂಟೆಗೆ 170.4 ಕಿಲೋಮೀಟರ್ ಬರಬೇಕು. ಓಟ ಮುಗಿದ ಮೇಲೆ ಸಂಘಟಕರು ಕೊಟ್ಟ ವೇಗದ ಚೀಟಿಯಲ್ಲಿ ಇದ್ದದ್ದು 151.

ರಾತ್ರಿ ಫೋನಿನಲ್ಲಿ ಹುಡುಗನ ದನಿ ಕೇಳಿ ನನಗೆ ನಿದ್ರೆ ಬರಲಿಲ್ಲ. ಎಂಜಿನ್ 9,000ಕ್ಕೆ ಸುಲಭವಾಗಿ ಏರಿದೆ ಎಂದರೆ ಅದಕ್ಕೆ ಇನ್ನೂ ಶಕ್ತಿ ಇದೆ, ಗೇರಿಂಗ್ ಸಾಲದು ಎಂದು ನನಗನ್ನಿಸುತ್ತಿದೆ. ಹಿಂದಿನ ಸ್ಪ್ರಾಕೆಟ್ಟನ್ನು 33 ಹಲ್ಲಿಗೆ ಇಳಿಸೋಣವೇ? ಅಲ್ಯುಮಿನಿಯಂ ತಟ್ಟೆ ಲೇತಿನಲ್ಲಿ ಕೂತಿದೆ. ಕಡೆಯುವ ಮೊದಲು ಕೇಳಿಬಿಡೋಣ ಎನ್ನಿಸಿತು.

ಕದ್ರಿ ಗ್ಯಾರೇಜ್:

ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತು) ನೋಡಿ. ಉಪ್ಪಿನ ಬಯಲುಗಳು ಎತ್ತರದಲ್ಲಿರುತ್ತವೆ, ಗಾಳಿ ತೆಳುವಾಗಿರುತ್ತದೆ. ಮಂಗಳೂರಿನ ಸಮುದ್ರಮಟ್ಟದ ಜೆಟ್ ಅಲ್ಲಿ ಹೆಚ್ಚು ಪೆಟ್ರೋಲ್ ಕುಡಿಸುತ್ತದೆ. ಎದುರುಗಾಳಿ ಇತ್ತೇ ಎಂದೂ ಕೇಳಿ.

ಸುರತ್ಕಲ್ ಹಳಬ:

ಕದ್ರಿಯವರು ಹೇಳಿದ ಮಾತು ಅಮೆರಿಕದ ಬಾನ್ವಿಲ್‌ಗೆ ಸರಿ. ಅದು ಸುಮಾರು 1,285 ಮೀಟರ್ ಎತ್ತರದಲ್ಲಿದೆ; ಸಮುದ್ರಮಟ್ಟದ ಜೆಟ್ ಹಾಕಿಕೊಂಡು ಅಲ್ಲಿಗೆ ಹೋದರೆ ಗಾಡಿ ಉಸಿರು ಕಟ್ಟಿದಂತೆ ಓಡುತ್ತದೆ. ಗೇರ್ಡ್ನರ್ ಇರುವುದು ನೂರು ಮೀಟರಿಗೆ ಸ್ವಲ್ಪವೇ ಮೇಲೆ. ಇನ್ನೂ ಮುಖ್ಯವಾದದ್ದು, ಜೆಟ್ ತಪ್ಪಿದ್ದರೆ ಆರ್‌ಪಿಎಂ ಕೂಡ ಏರುತ್ತಿರಲಿಲ್ಲ. ಎದುರುಗಾಳಿಯೂ ಅಷ್ಟೇ, ಆರ್‌ಪಿಎಂ ಮತ್ತು ವೇಗ ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಇವರ ತೊಂದರೆ ಬೇರೆ. ಎಂಜಿನ್ ತಿರುಗಿದೆ, ಗಾಡಿ ಅಷ್ಟು ಮುಂದೆ ಹೋಗಿಲ್ಲ. ಕ್ರ್ಯಾಂಕಿನಿಂದ ಉಪ್ಪಿನ ತನಕ ಇರುವ ದಾರಿಯಲ್ಲಿ ಎಲ್ಲೋ ತಿರುಗಾಟ ಸೋರಿದೆ.

ಲೇತ್ ಅಣ್ಣ, ದಯವಿಟ್ಟು ತಟ್ಟೆಯನ್ನು ಈಗಲೇ ಕಡೆಯಬೇಡಿ. ಮೂರು ಪ್ರಶ್ನೆಗಳಿವೆ. 1.909 ಎಂಬ ಸುತ್ತಳತೆ ಎಲ್ಲಿಂದ ಬಂತು? 9,000 ಎನ್ನುವುದು ಒಂದು ಕ್ಷಣ ಕಂಡ ಗರಿಷ್ಠವೋ, ವೇಗ ಅಳೆಯುವ ಮೈಲಿಯುದ್ದಕ್ಕೂ ಇದ್ದದ್ದೋ? ಓಟ ಮುಗಿದ ಮೇಲೆ ಹಿಂದಿನ ಟೈರ್ ಹೇಗೆ ಕಾಣುತ್ತಿತ್ತು?

ಮಲ್ಪೆ ಬಂದರು:

ನಾನು ಬೋಟಿನ ಎಂಜಿನ್ ಕೆಲಸದವನು. ಬೈಕಿನ ಓಟ ನನಗೆ ಗೊತ್ತಿಲ್ಲ. ಆದರೆ ಈ ಲೆಕ್ಕ ನಮಗೆ ದಿನಬೆಳಗಿನದು. ಪ್ರೊಪೆಲ್ಲರ್ ಒಂದು ಸುತ್ತಿಗೆ ಇಷ್ಟು ಮುಂದೆ ಹೋಗಬೇಕು ಎಂದು ಅದರ ಓರೆಯ ಲೆಕ್ಕ ಹೇಳುತ್ತದೆ. ನೀರಿನಲ್ಲಿ ಅಷ್ಟು ಎಂದೂ ಹೋಗುವುದಿಲ್ಲ, ಜಾರು ಇದ್ದೇ ಇರುತ್ತದೆ. ಜಾರು ಹೆಚ್ಚಾದಾಗ ಎಂಜಿನ್ ಹಗುರವಾಗಿ ಕೂಗುತ್ತದೆ. ಹೊಸಬರು ಅದನ್ನು ಕೇಳಿ ಎಂಜಿನ್ನಿಗೆ ಬಲ ಮಿಕ್ಕಿದೆ ಎಂದುಕೊಂಡು ಓರೆ ಹೆಚ್ಚಿರುವ ಪ್ರೊಪೆಲ್ಲರ್ ಹಾಕಿಸಿಬಿಡುತ್ತಾರೆ. ಆಮೇಲೆ ಬಲೆ ಎಳೆಯುವಾಗ ಎಂಜಿನ್ ಏದುಸಿರು ಬಿಡುತ್ತದೆ. ನಿಮ್ಮ 33 ಹಲ್ಲಿನ ಯೋಚನೆ ಓದಿದಾಗ ನನಗೆ ಅದೇ ನೆನಪಾಯಿತು.

ಬೈಕಂಪಾಡಿ ಲೇತ್:

ಸುತ್ತಳತೆ ಟೈರಿನ ಅಳತೆಯಿಂದ ಕಾಗದದ ಮೇಲೆ ತೆಗೆದದ್ದು. 9,000 ಅವನು ಕಣ್ಣಿಂದ ಕಂಡದ್ದು, ಮೈಲಿಯ ಕೊನೆಗೆ. ಓಟದುದ್ದಕ್ಕೂ ಎಂಜಿನ್ ಸುತ್ತನ್ನು ಬರೆದಿಡುವ ದಾಖಲಾತಿ ಪೆಟ್ಟಿಗೆಯ ಕಡತ ಅವನ ಬಳಿ ಇದೆ, ತರಿಸುತ್ತೇನೆ.

ಟೈರಿನ ಫೋಟೊ ಈಗ ಸರಿಯಾಗಿ ನೋಡಿದೆ. ನಡುವಿನಲ್ಲಿ ಎರಡು ಬೆರಳಗಲದ ಪಟ್ಟಿ ಮರಳು ಕಾಗದ ಹಾಕಿ ಉಜ್ಜಿದಂತೆ ಮಂಕಾಗಿದೆ. ಎರಡು ಬದಿಯಲ್ಲಿ ರಬ್ಬರಿನ ಹೊಳಪು ಹಾಗೆಯೇ ಉಳಿದಿದೆ. ಮುಂದಿನ ಟೈರಿನಲ್ಲಿ ಅಂಥ ಪಟ್ಟಿ ಇಲ್ಲ. ಮೈಲಿಯ ಕೊನೆಯಲ್ಲಿ ಹಿಂಭಾಗ ಮೀನಿನ ಬಾಲದಂತೆ ಅತ್ತಿತ್ತ ಆಡಿತು ಎಂದೂ ಅವನು ಹೇಳಿದ್ದ.

ಪಡುಬಿದ್ರಿ ಸವಾರ:

ಅಂಗಳದ ಗಾಡಿಯನ್ನು ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಓಡಿಸಿ ನೋಡಬಾರದೇ? ನ್ಯೂಜಿಲೆಂಡಿನ ಬರ್ಟ್ ಮನ್ರೊ 1920ರ ಇಂಡಿಯನ್ ಸ್ಕೌಟ್ ಗಾಡಿಯನ್ನು ಓರೆಟಿ ಕಡಲತೀರದಲ್ಲಿ ಓಡಿಸಿ ಪಳಗಿಸಿಯೇ ಬಾನ್ವಿಲ್‌ಗೆ ಒಯ್ದದ್ದು. 1967ರ ಅವರ ದಾಖಲೆ ಗಂಟೆಗೆ 184 ಮೈಲಿ, ಸುಮಾರು 296 ಕಿಲೋಮೀಟರ್. ಪಿಸ್ಟನ್ ಕೂಡ ತಮ್ಮ ಶೆಡ್ಡಿನಲ್ಲೇ ಎರಕ ಹೊಯ್ದವರು ಅವರು.

ಮಲ್ಪೆ ಬಂದರು:

ಬೇಡ ತಮ್ಮ. ನಮ್ಮ ಕಡಲತೀರದಲ್ಲಿ ಬೆಳಗ್ಗೆ ಕೈರಂಪಣಿ ಬಲೆ ಎಳೆಯುವವರು, ಸಂಜೆ ಮಕ್ಕಳು. ನೂರು ದಾಟಿದ ಗಾಡಿಯ ಎದುರು ಒಂದು ಮಗು ಓಡಿ ಬಂದರೆ? ಒದ್ದೆ ಮರಳಿನ ಹಿಡಿತ ಒಣಗಿದ ಉಪ್ಪಿನ ಹಿಡಿತವೂ ಅಲ್ಲ. ಅಲ್ಲಿ ಕಲಿತದ್ದು ಗೇರ್ಡ್ನರಿಗೆ ಉಪಯೋಗಕ್ಕೆ ಬಾರದು.

ಸುರತ್ಕಲ್ ಹಳಬ:

ಮಲ್ಪೆಯವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಅಂಗಳದ ಗಾಡಿಯಿಂದ ಬೇರೆ ಉಪಕಾರವಿದೆ. ಟೈರಿಗೆ ಓಟದ ದಿನದ ಗಾಳಿ ತುಂಬಿ. ಹುಡುಗನಷ್ಟೇ ತೂಕದವರನ್ನು ಕೂರಿಸಿ. ಟೈರಿನ ಮೇಲೂ ನೆಲದ ಮೇಲೂ ಸೀಮೆಸುಣ್ಣದ ಗುರುತು ಹಾಕಿ ಗಾಡಿಯನ್ನು ನೆಟ್ಟಗೆ ಐದು ಸುತ್ತು ತಳ್ಳಿ, ಒಟ್ಟು ಉದ್ದವನ್ನು ಐದರಿಂದ ಭಾಗಿಸಿ. ಭಾರಕ್ಕೆ ಟೈರ್ ತಗ್ಗುವುದರಿಂದ ಕಾಗದದ ಅಳತೆಗಿಂತ ಕಡಿಮೆ ಬರುತ್ತದೆ. ವೇಗದಲ್ಲಿ ಟೈರ್ ಉಬ್ಬುತ್ತದೆ ನಿಜ. ಆದರೆ ಉಬ್ಬಿದರೆ ವೇಗ ಲೆಕ್ಕಕ್ಕಿಂತ ಹೆಚ್ಚು ಬರಬೇಕು, ಅದು ನಿಮ್ಮ ಕೊರತೆಯನ್ನು ವಿವರಿಸುವುದಿಲ್ಲ.

ಎರಡನೆಯದು ಚೀಟಿ. ಅದರಲ್ಲಿರುವುದು ಅಳತೆಯ ಮೈಲಿಯ ಸರಾಸರಿ. ನಮ್ಮ ಕಂಬಳದಲ್ಲಿ ಲೇಸರ್ ಕಿರಣ ಕಡಿದಾಗ ಸಿಗುವುದು ಇಡೀ ಕರೆಯ (ಓಟದ ಹಾದಿಯ) ಸಮಯ, ಮಂಜೊಟ್ಟಿ (ಗುರಿಯ ತುದಿ) ಮುಟ್ಟುವ ಕ್ಷಣದ ವೇಗವಲ್ಲ. ಹಾಗಿರುವಾಗ ಗರಿಷ್ಠ ಆರ್‌ಪಿಎಂ ಹಿಡಿದು ಸರಾಸರಿ ವೇಗಕ್ಕೆ ಹೋಲಿಸಿದರೆ ಲೆಕ್ಕ ಕೂಡುವುದಿಲ್ಲ. ಕಡತದಿಂದ ಆ ಮೈಲಿಯ ಸರಾಸರಿ ಆರ್‌ಪಿಎಂ ತೆಗೆಯಿರಿ.

ಇವೆರಡನ್ನು ಕಳೆದ ಮೇಲೂ ಉಳಿಯುವುದೇ ನಿಜವಾದ ಜಾರು. ಅದು ಕ್ಲಚ್ಚಿನಲ್ಲಿ ಇರಬಹುದು, ಟೈರು ಮತ್ತು ಉಪ್ಪಿನ ನಡುವೆ ಇರಬಹುದು, ಎರಡೂ ಕಡೆ ಇರಬಹುದು. ಇದು ಇಂದು ನಿನ್ನೆಯ ತೊಂದರೆಯಲ್ಲ. ಕಾರಿನ ವೇಗದ ದಾಖಲೆಗಾರ ಮಾಲ್ಕಮ್ ಕ್ಯಾಂಪ್ಬೆಲ್ 1933ರಲ್ಲಿ ಡೇಟೋನ ಕಡಲತೀರದಲ್ಲಿ ಓಡಿದಾಗ ಚಕ್ರಗಳು ಮರಳಿನ ಮೇಲೆ ಜಾರಿಯೇ ವೇಗ ಕೈತಪ್ಪಿತು. ಅವರ 1935ರ ಬ್ಲೂ ಬರ್ಡ್ ಕಾರಿಗೆ ಹಿಂದೆ ಜೋಡಿ ಚಕ್ರಗಳನ್ನು ಕೂರಿಸಿದ್ದು ಹಿಡಿತಕ್ಕಾಗಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಬಾನ್ವಿಲ್ ಉಪ್ಪಿನ ಮೇಲೆ ಗಂಟೆಗೆ 301 ಮೈಲಿ, ಅಂದರೆ 484 ಕಿಲೋಮೀಟರ್ ದಾಟಿದರು. 1970ರಲ್ಲಿ ಅಲ್ಲಿಯೇ 1,001 ಕಿಲೋಮೀಟರ್ ಮುಟ್ಟಿದ ಬ್ಲೂ ಫ್ಲೇಮ್‌ಗೆ ರಾಕೆಟ್ ಇತ್ತು. 1997ರ ಅಕ್ಟೋಬರ್ 15ರಂದು ನೆವಾಡದ ಬ್ಲ್ಯಾಕ್ ರಾಕ್ ಒಣಕೆಸರಿನ ಮೇಲೆ 1,227 ಕಿಲೋಮೀಟರ್ ಓಡಿದ ಥ್ರಸ್ಟ್ ಎಸ್‌ಎಸ್‌ಸಿಗೆ ಎರಡು ಜೆಟ್ ಎಂಜಿನ್. ಆ ಎರಡು ಗಾಡಿಗಳ ಚಕ್ರ ಉರುಳುವುದಷ್ಟೇ, ನೆಲವನ್ನು ತಳ್ಳುವುದಿಲ್ಲ. ಆದ್ದರಿಂದ ಅವಕ್ಕೆ ಈ ಜಾರು ಇಲ್ಲ. ಚಕ್ರದಿಂದಲೇ ತಳ್ಳಬೇಕಾದ ನಮ್ಮಂಥವರಿಗೆ ಉಪ್ಪು ಎಷ್ಟು ಹಿಡಿದುಕೊಳ್ಳುತ್ತದೋ ಅಷ್ಟೇ ಬಲ. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗವೂ ಅದೇ.

ಕ್ಲಚ್ ಮತ್ತು ಉಪ್ಪನ್ನು ಬೇರ್ಪಡಿಸಲು ಡೈನೊ (ಹಿಂದಿನ ಚಕ್ರವನ್ನು ರೋಲರಿನ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಸಾಕು. ಆದರೆ ರೋಲರಿನ ವೇಗ ನೋಡಬೇಡಿ, ಟೈರ್ ಅದರ ಮೇಲೂ ಜಾರುತ್ತದೆ. ಹಿಂದಿನ ಚಕ್ರಕ್ಕೇ ಅಯಸ್ಕಾಂತ ಕಟ್ಟಿ, ಸೆನ್ಸರಿನಿಂದ ಅದರ ಸುತ್ತು ಎಣಿಸಿ. ಆರನೆಯ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಂಜಿನ್ ಸುತ್ತನ್ನು ಚಕ್ರದ ಸುತ್ತಿನಿಂದ ಭಾಗಿಸಿದರೆ ಕೊನೆಯ ತನಕ 6.048 ಬರಬೇಕು. ಹಲ್ಲುಗಳು ಜಾರುವುದಿಲ್ಲ. ಆ ಸಂಖ್ಯೆ ಏರಿದರೆ ಕಾರಣ ಕ್ಲಚ್.

ಹುಡುಗನಿಗೆ ಒಂದು ಮಾತು ಈಗಲೇ ತಲುಪಿಸಿ. ಹಿಂಭಾಗ ಆಡಲು ಶುರುವಾದರೆ ಆಕ್ಸಿಲರೇಟರನ್ನು ಥಟ್ಟನೆ ಮುಚ್ಚಬಾರದು. ಜಾರುತ್ತಿರುವ ಚಕ್ರ ಒಮ್ಮೆಲೇ ಹಿಡಿದುಕೊಂಡರೆ ಗಾಡಿ ಸವಾರನನ್ನು ಎತ್ತಿ ಎಸೆಯುತ್ತದೆ. ನಿಧಾನವಾಗಿ ಇಳಿಸಬೇಕು.

ಬೈಕಂಪಾಡಿ ಲೇತ್:

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಂಗಳದಲ್ಲಿ ಪಕ್ಕದ ಮನೆಯ ಹುಡುಗನನ್ನು ಕೂರಿಸಿ ಐದು ಸುತ್ತು ತಳ್ಳಿದೆವು. 9.34 ಮೀಟರ್ ಬಂತು, ಒಂದು ಸುತ್ತಿಗೆ 1.868. ಮೂರು ಸಲ ಅಳೆದೆ, ಹೆಚ್ಚು ಕಡಿಮೆ ಅಷ್ಟೇ. ಅಲ್ಲಿಗೆ 170.4 ಹೋಗಿ 166.8 ಆಯಿತು. ಕಡತದಲ್ಲಿ ಮೈಲಿಯ ಸರಾಸರಿ 8,700 ಆರ್‌ಪಿಎಂ. ಆಗ ಉಳಿದದ್ದು 161.2. ಅರ್ಧದಷ್ಟು ಕೊರತೆ ನನ್ನ ಲೆಕ್ಕದಲ್ಲೇ ಇತ್ತು. ಹುಡುಗನ ಎಂಜಿನ್ನನ್ನು ನಾನು ಸುಮ್ಮನೆ ಸಂಶಯಿಸಿದೆ, ಅವನಿಗೆ ಫೋನ್ ಮಾಡಿ ಹೇಳಿದೆ.

ಮೊನ್ನೆ ಅವನು ಡೈನೊಗೆ ಒಯ್ದ. 7,000ದ ತನಕ 6.05 ಇದ್ದ ಸಂಖ್ಯೆ ಅದರಿಂದ ಮೇಲೆ 6.17ಕ್ಕೆ ಏರಿ ಅಲ್ಲೇ ನಿಂತಿತು. ಅಂದರೆ ಕ್ಲಚ್ ನೂರಕ್ಕೆ ಎರಡರಷ್ಟು ಜಾರುತ್ತಿದೆ. ಸ್ಪ್ರಿಂಗುಗಳನ್ನು ಬಿಚ್ಚಿ ವರ್ನಿಯರಿನಲ್ಲಿ ಅಳೆದ, ಉದ್ದ ಸರಿಯಾಗಿದೆ. ಪ್ಲೇಟುಗಳು ಸುಟ್ಟಿಲ್ಲ. ಕೇಬಲ್ಲಿನಲ್ಲಿ ಸಡಿಲವೂ ಇದೆ. ಮತ್ತೇನು?

ಕದ್ರಿ ಗ್ಯಾರೇಜ್:

ಯಾವ ಆಯಿಲ್ ಹಾಕಿದ್ದಾನೆ? ಡಬ್ಬಿಯ ಫೋಟೊ ತರಿಸಿ.

ಬೈಕಂಪಾಡಿ ಲೇತ್:

ಓಟಕ್ಕೆ ಹೊರಡುವ ಹಿಂದಿನ ದಿನ ಸಿಕ್ಕಿದ ಆಯಿಲ್. ಕಾರಿನದಂತೆ. ಇಂಧನ ಉಳಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದೆ.

ಕದ್ರಿ ಗ್ಯಾರೇಜ್:

ಹಾಗಾದರೆ ಸಿಕ್ಕಿತು. ಈ ಗಾಡಿಯ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಇಂಧನ ಉಳಿಸುವ ಕಾರಿನ ಆಯಿಲ್‌ಗೆ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಕಾರಿನ ಕ್ಲಚ್ ಒಣ ಜಾಗದಲ್ಲಿರುವುದರಿಂದ ಅಲ್ಲಿ ತೊಂದರೆಯಿಲ್ಲ. ನಮ್ಮಲ್ಲಿ ಅದೇ ಪ್ಲೇಟುಗಳ ನಡುವೆ ಹೋಗಿ ಕೂರುತ್ತದೆ. ಊರಿನ ರಸ್ತೆಯಲ್ಲಿ ತಿಳಿಯುವುದೇ ಇಲ್ಲ, ಆರನೆಯ ಗೇರಿನಲ್ಲಿ ಪೂರ್ತಿ ಭಾರ ಬಿದ್ದಾಗ ಜಾರುತ್ತದೆ. ಜಾಸೊ ಎಂಎ2 (ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುತ್ತದೆ ಎಂಬ ಗುರುತು) ಎಂದು ಮುದ್ರಿಸಿರುವ ಬೈಕಿನ ಆಯಿಲ್ ಬೇಕು. ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಘರ್ಷಣೆಯ ಪ್ಲೇಟುಗಳನ್ನು ಹೊಸದಾಗಿ ಹಾಕಿಸಿ. ಹೊಸ ಪ್ಲೇಟುಗಳನ್ನು ಜೋಡಿಸುವ ಮೊದಲು ಒಂದು ರಾತ್ರಿ ಹೊಸ ಆಯಿಲ್‌ನಲ್ಲಿ ನೆನೆಸಿಡಿ.

ಸುರತ್ಕಲ್ ಹಳಬ:

ಇನ್ನು ಲೆಕ್ಕ ಮುಗಿಸಬಹುದು. 161.2ರಲ್ಲಿ ಕ್ಲಚ್ಚಿನ ಎರಡು ಶೇಕಡಾ ಕಳೆದರೆ 158. ಚೀಟಿ 151. ಉಪ್ಪಿನ ಮೇಲಿನ ಜಾರು ಸುಮಾರು 4.4 ಶೇಕಡಾ. ಉಜ್ಜಿದ ಪಟ್ಟಿ ಹೇಳಿದ್ದು ಇದನ್ನೇ. ಉಪ್ಪಿನ ಮಟ್ಟಿಗೆ ಇದು ಹೆಚ್ಚಲ್ಲ, ಪೂರ್ತಿ ಹೋಗುವುದೂ ಇಲ್ಲ.

33 ಹಲ್ಲು ಬೇಡವೇ ಬೇಡ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದಕ್ಕೆ ಬೇಕಾದ ಶಕ್ತಿ ಘನದಂತೆ. 150ರಿಂದ 160ಕ್ಕೆ ಹೋಗಲು ಐದರಲ್ಲಿ ಒಂದು ಪಾಲು ಹೆಚ್ಚು ಶಕ್ತಿ ಬೇಕು. ಕ್ಲಚ್ ಸರಿಯಾದ ಮೇಲೆ ಅದೇ ವೇಗಕ್ಕೆ ಎಂಜಿನ್ ಈಗಿನದಕ್ಕಿಂತ ಕಡಿಮೆ ಸುತ್ತುತ್ತದೆ. 33 ಹಾಕಿದರೆ ಅದು ಶಕ್ತಿಯ ಮಟ್ಟಕ್ಕೆ ಏರುವುದೇ ಇಲ್ಲ. 36 ಇರಲಿ. ಲೇತಿನಲ್ಲಿರುವ ತಟ್ಟೆಯಿಂದ 37 ಕಡೆಯಿರಿ. ಉಪ್ಪು ಮೆತ್ತಗಿದ್ದ ದಿನ, ಎದುರುಗಾಳಿ ಇದ್ದ ದಿನ ಅದೇ ಉಪಯೋಗಕ್ಕೆ ಬರುತ್ತದೆ.

ಜಾರು ಇಳಿಸಲು ಎರಡು ದಾರಿ. ಸವಾರ ಇನ್ನೂ ತಗ್ಗಿ ಮಲಗಿ ಗಾಳಿಯ ತಡೆ ಕಡಿಮೆ ಮಾಡಿದರೆ ಟೈರ್ ತಳ್ಳಬೇಕಾದ ಬಲವೇ ಕಡಿಮೆಯಾಗುತ್ತದೆ. ಇನ್ನೊಂದು ತೂಕ. ಹಿಂದಿನ ಅಚ್ಚಿನ ಹತ್ತಿರ, ಆದರೆ ಅದಕ್ಕಿಂತ ಮುಂದೆ, ಆದಷ್ಟು ಕೆಳಗೆ ಸೀಸ ಕಟ್ಟಿ. ವೇಗ ಏರಿಸಿಕೊಳ್ಳಲು ಅಲ್ಲಿ ಬೇಕಾದಷ್ಟು ದೂರವಿದೆ, ಆದ್ದರಿಂದ ಹತ್ತು ಕಿಲೋ ಹೆಚ್ಚಾದರೂ ಕೊನೆಯ ವೇಗಕ್ಕೆ ಹೊರೆಯಾಗುವುದಿಲ್ಲ. ಏನು ಸೇರಿಸುವುದಿದ್ದರೂ ತಪಾಸಣೆಯವರ ನಿಯಮ ಓದಿಕೊಂಡೇ ಮಾಡಿ.

ಮಲ್ಪೆ ಬಂದರು:

ಸೀಸವನ್ನು ಬಿಡಿಯಾಗಿ ತಂತಿಯಿಂದ ಕಟ್ಟಬೇಡಿ. ಬಲೆಯ ಸೀಸ ಕರಗಿಸಿ ಹೊಯ್ದು ನನಗೆ ಅಭ್ಯಾಸವಿದೆ, ಅದು ಮೆತ್ತಗಿನ ಲೋಹ, ನಡುಕಕ್ಕೆ ತೂತು ಅಗಲವಾಗಿ ಬೋಲ್ಟ್ ಕಳಚುತ್ತದೆ. ಉಕ್ಕಿನ ಡಬ್ಬಿ ಮಾಡಿ ಅದರೊಳಗೆ ಹೊಯ್ಯಿರಿ. ಡಬ್ಬಿ ಪೂರ್ತಿ ಒಣಗಿರಬೇಕು, ಒಂದು ಹನಿ ನೀರಿದ್ದರೂ ಕಾದ ಸೀಸ ಸಿಡಿದು ಮುಖಕ್ಕೆ ಬರುತ್ತದೆ. ಹೊಗೆ ಒಳ್ಳೆಯದಲ್ಲ, ಬಯಲಿನಲ್ಲೇ ಕರಗಿಸಬೇಕು. ಇನ್ನು ಉಪ್ಪಿನ ವಿಷಯ. ಬರೀ ನೀರು ಹೊಡೆದು ಬಿಡಬೇಡಿ. ವೈರಿನ ಜೋಡಣೆಗಳನ್ನೆಲ್ಲ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಗ್ರೀಸ್ ಹಚ್ಚಿ ಕೂಡಿಸಲಿ. ಮಾರ್ಚ್‌ನಲ್ಲಿ ಹೊಕ್ಕ ಉಪ್ಪು ಮುಂದಿನ ಮಾರ್ಚ್‌ನಲ್ಲಿ ಕಿಡಿ ತಪ್ಪಿಸುತ್ತದೆ.

ಬೈಕಂಪಾಡಿ ಲೇತ್:

ಎಲ್ಲರಿಗೂ ಮನಸಾರೆ ವಂದನೆಗಳು. ಹೊಸ ಪ್ಲೇಟು, ಎಂಎ2 ಆಯಿಲ್ ಹಾಕಿ ನಿನ್ನೆ ಮತ್ತೆ ಡೈನೊ ಮೇಲೆ ನೋಡಿದ. 9,000ದ ತನಕ 6.05 ಅಲುಗಲಿಲ್ಲ. ವಿಡಿಯೊ ಕರೆಯಲ್ಲಿ ಆ ಸಂಖ್ಯೆ ತೋರಿಸುವಾಗ ಅವನ ಕೈ ನಡುಗುತ್ತಿತ್ತು, ಇಲ್ಲಿ ನನ್ನದೂ.

37 ಹಲ್ಲಿನ ಸ್ಪ್ರಾಕೆಟ್ ಇವತ್ತು ಮಧ್ಯಾಹ್ನ ಮುಗಿಯಿತು. ಅಂಚಿನ ಚೂಪನ್ನು ಅರದಿಂದ ತೆಗೆದು ಅಂಗಳದ ಗಾಡಿಗೆ ಹಾಕಿ ತಿರುಗಿಸಿದೆ, ಚೈನ್ ನೆಟ್ಟಗೆ ಕೂರುತ್ತದೆ. ಸೀಸಕ್ಕೆ ಮೂರು ಮಿಲಿಮೀಟರ್ ಉಕ್ಕಿನ ಡಬ್ಬಿ ಬೆಸೆದಿದ್ದೇನೆ, ಚೌಕಟ್ಟಿಗೆ ಎರಡು ಹತ್ತು ಮಿಲಿಮೀಟರ್ ಬೋಲ್ಟ್. ಸೀಸವನ್ನು ಅವನು ಅಲ್ಲಿಯೇ ಹೊಯ್ಯುತ್ತಾನೆ, ಮಲ್ಪೆಯವರ ಮಾತನ್ನು ಓದಿ ಹೇಳಿದ್ದೇನೆ. ಎರಡೂ ಶುಕ್ರವಾರದ ಪಾರ್ಸೆಲ್ಲಿನಲ್ಲಿ ಹೋಗುತ್ತವೆ.